ಚಲಚ್ಚಿತ್ರವೂ ಚರಿತ್ರೆಯ ಪಾಠವೂ: ಕೈದಾಳದ ದೃಷ್ಟಾಂತ

ಕಿವಿಯಿಂದ ಕೇಳಿದುದು ಮರೆತುಹೋಗಬಹುದು. ಕಣ್ಣಾರೆ ಕಂಡುದು ಬಹುಕಾಲ ಉಳಿಯುವುದು. ಇದನ್ನು ಬಲ್ಲ ನಮ್ಮ ಹಿರಿಯರು ಪುರಾಣ ಪ್ರವಚನಗಳೊಡನೆ ನಾಟಕವನ್ನೂ ಆದರಿಸಿದರು. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಓದುಬರಹವರಿಯದ ಲಕ್ಷಾಂತರ ಜನರಿಗೆ ಪುರಾಣಪುರುಷರ ದರ್ಶನ ಮಾಡಿಸಿತು. ಆ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣನವರೇ ಚಲಚ್ಚಿತ್ರಕ್ಕೂ ಕೈಹಾಕಿದರು. 1954ರ 'ಬೇಡರ ಕಣ್ಣಪ್ಪ'ವು ಅವರ ಪ್ರಯತ್ನದ ಫಲಗಳಲ್ಲೊಂದು. ಹೀಗೆ ರಂಗಭೂಮಿಯ ಅಧಿಕಾರವು ಬೆಳ್ಳಿತೆರೆಗೆ ಸಂದಿತು. ಇಂದು ಶಾಲೆಗಳಲ್ಲಿ ಸಮಾಜವಿಜ್ಞಾನದ ಪಾಠಕ್ಕೆ ಐತಿಹಾಸಿಕ ಚಿತ್ರಗಳನ್ನು ತೋರಿಸುವ ಪದ್ಧತಿಯು ಬಂದಿರುವುದು ಸಹಜವೇ ಆಗಿದೆ. ಆದರೆ ತೆರೆಯ ಮೇಲೆ ಕಂಡುದೆಲ್ಲವೂ ಚರಿತ್ರೆಯೆಂದು ಬಾಲಕರು ನಂಬಿದರೆ ಗತಿಯೇನು? ಈ ಪ್ರಶ್ನೆಗೆ ಉತ್ತರವು ನಮ್ಮ ಸಮೀಪದಲ್ಲಿಯೇ ದೊರೆಯುವುದು.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಗೂಳೂರು. ಅದರ ಸಮೀಪದಲ್ಲಿ ಕೈದಾಳ. ಅಮರಶಿಲ್ಪಿ ಜಕಣಾಚಾರಿಯ ಹುಟ್ಟೂರಾದ ಕ್ರೀಡಾಪುರವು ಇದೇ ಎಂದು ಐತಿಹ್ಯ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದಲ್ಲಿ ದೋಷವುಂಟೆಂದು ತರುಣನೊಬ್ಬನು ಹೇಳಿದನಂತೆ. ಪರೀಕ್ಷಿಸಲಾಗಿ ಕಲ್ಲಿನೊಳಗಿಂದ ಕಪ್ಪೆಯು ಹೊರಬಂದಿತಂತೆ. ಜಕಣನು ತನ್ನ ಬಲಗೈಯನ್ನೇ ಕಡಿದುಕೊಂಡನು. ಆ ತರುಣನು ತನ್ನ ಮಗನಾದ ಡಂಕಣನೆಂದು ಬಳಿಕ ತಿಳಿಯಿತು. ಊರಿಗೆ ಮರಳಿ ಚೆನ್ನಕೇಶವನನ್ನು ನಿಲ್ಲಿಸಲು ಕೈ ಮರಳಿ ಬಂದಿತು, ಊರು ಕೈದಾಳವಾಯಿತು. ಈ ಕಥೆಯನ್ನಾಶ್ರಯಿಸಿ ಬಿ. ಎಸ್. ರಂಗಾ ಅವರು 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಎಂಬ ವರ್ಣಚಿತ್ರವನ್ನು ನಿರ್ಮಿಸಿದರು. ಅದನ್ನು ಕಂಡವರ ಮನಸ್ಸಿನಲ್ಲಿ ಜಕಣನು ಚಿರಂಜೀವಿಯಾದನು.

ಇನ್ನು ಕಲ್ಲು ಏನನ್ನು ಹೇಳುವುದೆಂದು ನೋಡೋಣ. ಬೇಲೂರಿನ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠಿತವಾಯಿತು. ಕೈದಾಳದ ಗುಡಿಯು ಒಂದನೆಯ ನರಸಿಂಹನ ಕಾಲದಲ್ಲಿ, ಸುಮಾರು 1150ರಲ್ಲಿ, ಸಾಮಂತ ಗೂಳಿ ಬಾಚಿಯಿಂದ ಕಟ್ಟಿಸಲ್ಪಟ್ಟಿತು. ಎರಡಕ್ಕೂ ನಡುವೆ ಮೂವತ್ತಮೂರು ವರ್ಷಗಳ ಅಂತರ. ಒಬ್ಬನೇ ಶಿಲ್ಪಿಯು ಎರಡನ್ನೂ ಮಾಡಿರಲು ಸಾಧ್ಯವೇ? ಸಾಧ್ಯ. ಆದರೆ ಸಾಧ್ಯವಾದುದೆಲ್ಲವೂ ನಡೆದುದಲ್ಲ; ನಡೆದುದಕ್ಕೆ ಸಾಕ್ಷಿ ಬೇಕು. ಬೇಲೂರಿನ ಶಿಲ್ಪಗಳ ಪೀಠಗಳಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿಕೊಂಡಿರುವರು. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅಲ್ಲಿರುವರು. ಜಕಣಾಚಾರಿಯು ಮಾತ್ರ ಅಲ್ಲಿಲ್ಲ.

ಇಲ್ಲಿಯೇ ಉಪಾಧ್ಯಾಯನ ನಿಜವಾದ ಕೆಲಸವು ಆರಂಭವಾಗುವುದು. ಇಡೀ ಚಿತ್ರವನ್ನು ತೋರಿಸಿ ಸುಮ್ಮನಿರುವುದು ಪಾಠವಲ್ಲ, ಕಾಲಕ್ಷೇಪ. ಮೊದಲು ಕಾಲವನ್ನೂ ದೇಶವನ್ನೂ ತಿಳಿಸಿ, ಬಳಿಕ ಬೇಕಾದ ಒಂದೆರಡು ಭಾಗಗಳನ್ನು ಮಾತ್ರ ತೋರಿಸತಕ್ಕದ್ದು. ಅನಂತರ ಚಿತ್ರವು ಹೇಳಿದುದನ್ನು ಒಂದು ಕಡೆಗೂ ಶಾಸನವು ಹೇಳಿದುದನ್ನು ಮತ್ತೊಂದು ಕಡೆಗೂ ಮಕ್ಕಳಿಂದಲೇ ಬರೆಯಿಸಬೇಕು. ಉಡಿಗೆ ತೊಡಿಗೆಗಳು ನಾಟಕ ಕಂಪನಿಯ ಪೆಟ್ಟಿಗೆಯವೋ, ಹೊಯ್ಸಳರ ಕಾಲದವೋ ಎಂದು ಕೇಳಬೇಕು. ಕೊನೆಗೆ ಅವರನ್ನು ಕೈದಾಳಕ್ಕೆ ಕರೆದೊಯ್ದು ಆ ಕಲ್ಲಿನೆದುರು ನಿಲ್ಲಿಸಬೇಕು. ಗುಬ್ಬಿ, ಕುಣಿಗಲ್ಲು, ತುಮಕೂರುಗಳ ಮಕ್ಕಳಿಗೆ ಇದು ದೂರದ ಯಾತ್ರೆಯಲ್ಲ.

ಹೀಗೆ ಮಾಡಿದರೆ ಐತಿಹ್ಯಕ್ಕೆ ಕುಂದು ಬಾರದೇ ಎಂದು ಕೆಲವರು ಶಂಕಿಸಬಹುದು. ಬಾರದು. ಕಿರಿಯನ ಮುಂದೆ ತನ್ನ ತಪ್ಪನ್ನೊಪ್ಪಿಕೊಂಡ ಗುರುವಿನ ಕಥೆಯನ್ನು ಜನರು ಶತಮಾನಗಳ ಕಾಲ ಕಾಪಾಡಿದುದೂ ಒಂದು ಚರಿತ್ರೆಯೇ. ಅದು ಜನಮನದ ಚರಿತ್ರೆ. ಕುಂದು ಬರುವುದು ಬೇರೊಂದು ಕಡೆಗೆ. ಎಲ್ಲ ಕೀರ್ತಿಯನ್ನೂ ಒಬ್ಬನಿಗೇ ಕೊಟ್ಟುಬಿಟ್ಟರೆ, ಬಿಸಿಲಿನಲ್ಲಿ ಕುಳಿತು ಉಳಿ ಹಿಡಿದ ದಾಸೋಜ ಚಾವಣರೂ, ಹೆಸರನ್ನೂ ಕೆತ್ತಿಕೊಳ್ಳದೆ ಹೋದ ನೂರಾರು ಕೆಲಸಗಾರರೂ ಮರೆತುಹೋಗುವರು. ಕಾಯಕದ ಮಹಿಮೆಯನ್ನರಿತ ಪರಂಪರೆಯವರಾದ ನಾವು ಈ ಅನ್ಯಾಯಕ್ಕೆ ಒಳಗಾಗಲಾಗದು. ಮಠಗಳ ಆಶ್ರಯದಲ್ಲಿ ಅಸಂಖ್ಯ ಬಾಲಕರು ವಿದ್ಯೆ ಕಲಿಯುತ್ತಿರುವ ಈ ಜಿಲ್ಲೆಯಲ್ಲಿ, ಚಿತ್ರವು ಅವರ ಕುತೂಹಲವನ್ನು ಹೊತ್ತಿಸಲಿ. ಗುರುವು ಆ ಬೆಳಕಿನಲ್ಲಿ ಕಲ್ಲಿನ ಅಕ್ಷರಗಳನ್ನು ಓದಿಸಲಿ.