ಮಳೆನೀರಿನಿಂದ ಬಾವಿಗಳ ಮರುಪೂರಣ

ಮಳೆನೀರಿನಿಂದ ಬಾವಿಗಳ ಮರುಪೂರಣ ಎಂದರೆ ಛಾವಣಿ, ಅಂಗಳ ಅಥವಾ ಹೊಲದ ಮೇಲೆ ಬಿದ್ದ ಮಳೆನೀರು ಹರಿದುಹೋಗದಂತೆ ತಡೆದು, ಸೋಸಿ, ತೆರೆದ ಬಾವಿ, ಕೊಳವೆಬಾವಿ ಅಥವಾ ಇಂಗುಗುಂಡಿಗಳ ಮೂಲಕ ಅಂತರ್ಜಲಕ್ಕೆ ಸೇರಿಸುವ ವಿಧಾನ. ಇದು ಮಳೆನೀರು ಕೊಯ್ಲಿನ ಎರಡು ಮುಖ್ಯ ಪ್ರಕಾರಗಳಲ್ಲಿ ಒಂದು. ಇನ್ನೊಂದು ಪ್ರಕಾರದಲ್ಲಿ ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿ ನೇರವಾಗಿ ಬಳಸಲಾಗುತ್ತದೆ.

ಹಿನ್ನೆಲೆ

ಕರ್ನಾಟಕದ ಬಹುಭಾಗ ಗಟ್ಟಿಶಿಲೆಯ ಪ್ರದೇಶವಾಗಿದೆ. ದಕ್ಷಿಣದಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳೂ ಉತ್ತರದ ಕೆಲವು ಜಿಲ್ಲೆಗಳಲ್ಲಿ ಬಸಾಲ್ಟ್ ಶಿಲೆಯೂ ಹರಡಿಕೊಂಡಿವೆ. ಈ ಶಿಲೆಗಳು ತಾವಾಗಿ ನೀರನ್ನು ಹಿಡಿದಿಡಲಾರವು. ಮೇಲ್ಭಾಗದಲ್ಲಿ ಶಿಥಿಲಗೊಂಡ ಪದರವೂ ಅದರ ಕೆಳಗಿನ ಬಿರುಕುಗಳೂ ಮಾತ್ರ ನೀರಿನ ಆಶ್ರಯಗಳು. ತೆರೆದ ಬಾವಿಗಳು ಮೇಲಿನ ಶಿಥಿಲ ಪದರದ ನೀರನ್ನು ಅವಲಂಬಿಸಿದ್ದವು. ಒಂದೆರಡು ಉತ್ತಮ ಮಳೆಗಾಲಗಳಲ್ಲಿ ಆ ಪದರ ಮತ್ತೆ ತುಂಬಿಕೊಳ್ಳುತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊರೆಯುವ ಯಂತ್ರಗಳೂ ವಿದ್ಯುತ್ ಪಂಪುಗಳೂ ಬಂದ ಬಳಿಕ ಆಳದ ಬಿರುಕುಗಳ ನೀರನ್ನು ಎತ್ತುವುದು ಸಾಧ್ಯವಾಯಿತು. ಆದರೆ ಆ ಆಳಕ್ಕೆ ಮಳೆನೀರು ಇಳಿಯುವ ವೇಗ ಬಹಳ ನಿಧಾನ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿಗಿಂತಲೂ ಆಳಕ್ಕೆ ಕೊರೆದ ಕೊಳವೆಬಾವಿಗಳಿವೆ. ಶಿಲೆಯೊಡನೆ ದೀರ್ಘಕಾಲ ಸಂಪರ್ಕದಲ್ಲಿದ್ದ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದುಂಟು. ಅಂಥ ನೀರಿನ ಸತತ ಸೇವನೆಯಿಂದ ಹಲ್ಲು ಮತ್ತು ಮೂಳೆಗಳ ಫ್ಲೋರೋಸಿಸ್ ಉಂಟಾಗುತ್ತದೆ.

ಹಿಂದಿನ ಕಾಲದಲ್ಲಿ ಮರುಪೂರಣದ ಕಾರ್ಯವನ್ನು ಬಹುಮಟ್ಟಿಗೆ ಕೆರೆಗಳು ನಿರ್ವಹಿಸುತ್ತಿದ್ದವು. ಕೆರೆಯ ಕೆಳಭಾಗದ ಅಚ್ಚುಕಟ್ಟಿನ ಬಾವಿಗಳಲ್ಲಿ ನೀರು ನಿಲ್ಲುತ್ತಿದ್ದುದಕ್ಕೆ ಕೆರೆಯ ಒಡಲಿನಿಂದ ಇಂಗಿದ ನೀರೇ ಕಾರಣ. ಕಾಲಕಾಲಕ್ಕೆ ಹೂಳು ತೆಗೆಯುವ ಪದ್ಧತಿ ಕ್ಷೀಣಿಸಿದಂತೆ ಈ ಇಂಗುವಿಕೆಯೂ ಕುಗ್ಗಿತು.

ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ದೊರೆಯುತ್ತದೆ. ವರ್ಷಕ್ಕೆ 900 ಮಿ.ಮೀ. ಮಳೆಯಾಗುವ ಊರಿನಲ್ಲಿ 100 ಚದರ ಮೀಟರ್ ತಾರಸಿಯ ಮೇಲೆ 90,000 ಲೀಟರ್ ನೀರು ಬೀಳುತ್ತದೆ. ಆವಿ, ಸಿಡಿತ ಮತ್ತು ಮೊದಲ ಮಳೆಯ ತೊಳೆತದಲ್ಲಿ ಐದನೆಯ ಒಂದು ಭಾಗ ಕಳೆದುಹೋಯಿತೆಂದು ಭಾವಿಸಿದರೂ 72,000 ಲೀಟರ್ ಉಳಿಯುತ್ತದೆ. ದಿನಕ್ಕೆ 400 ಲೀಟರ್ ಬಳಸುವ ನಾಲ್ಕು ಜನರ ಕುಟುಂಬಕ್ಕೆ ಇದು 180 ದಿನಗಳ ನೀರಿಗೆ ಸಮಾನ.

ವಿಧಾನಗಳು

ತೆರೆದ ಬಾವಿ: ತಾರಸಿಯ ನೀರನ್ನು ಕೊಳವೆಗಳ ಮೂಲಕ ಒಂದೆಡೆಗೆ ತಂದು, ಜಲ್ಲಿ, ಮರಳು ಮತ್ತು ಇದ್ದಿಲಿನ ಪದರಗಳಿರುವ ಸೋಸುತೊಟ್ಟಿಯಲ್ಲಿ ಹಾಯಿಸಿ ಬಾವಿಗೆ ಬಿಡಲಾಗುತ್ತದೆ. ಬೇಸಗೆಯ ಧೂಳು, ಹಕ್ಕಿಗಳ ಹಿಕ್ಕೆ, ತರಗೆಲೆಗಳನ್ನು ಹೊತ್ತು ಬರುವ ಮೊದಲ ಮಳೆಯ ನೀರನ್ನು ಪ್ರತ್ಯೇಕ ಕವಾಟದ ಮೂಲಕ ಹೊರಗೆ ಬಿಡಬೇಕು. ಕೇರಳದ ತ್ರಿಶ್ಶೂರು ಜಿಲ್ಲೆಯ ‘ಮಳಪ್ಪೊಲಿಮ’ ಯೋಜನೆ ಈ ವಿಧಾನವನ್ನು ಮನೆಬಾವಿಗಳಿಗೆ ವ್ಯಾಪಕವಾಗಿ ಅಳವಡಿಸಿತು.

ಕೊಳವೆಬಾವಿ: ಕೇಸಿಂಗ್ ಪೈಪಿನ ಸುತ್ತ ಸುಮಾರು ಹತ್ತು ಅಡಿ ಉದ್ದ, ಅಗಲ ಮತ್ತು ಆಳದ ಗುಂಡಿ ತೋಡಿ, ಪೈಪಿನ ಕೆಳಭಾಗದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ನೈಲಾನ್ ಜಾಲರಿ ಸುತ್ತಲಾಗುತ್ತದೆ. ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ದಪ್ಪಕಲ್ಲು, ಜಲ್ಲಿ, ಮರಳುಗಳಿಂದ ತುಂಬಲಾಗುತ್ತದೆ. ಹೊಲದ ನೀರಾದರೆ ಅದರ ಮಣ್ಣು ತಳಕ್ಕಿಳಿಯಲು ಮೊದಲೊಂದು ಹೊಂಡ ಅವಶ್ಯ.

ಇಂಗುಗುಂಡಿ ಮತ್ತು ಇಂಗುಬಾವಿ: ಬಾವಿಯಿಲ್ಲದ ನಿವೇಶನಗಳಲ್ಲಿ ನೀರನ್ನು ಮಣ್ಣಿನ ಪದರಗಳ ಮೂಲಕವೇ ಇಂಗಿಸಲಾಗುತ್ತದೆ. ನೀರು ನಿಧಾನವಾಗಿ ಇಳಿಯುವಾಗ ಮಣ್ಣೇ ಅದನ್ನು ಸೋಸುವುದರಿಂದ ಇದು ಹೆಚ್ಚು ಸುರಕ್ಷಿತ ಕ್ರಮ.

ಹೊಲಗಳಲ್ಲಿ ಸಮಪಾತಳಿ ಬದು, ಕೃಷಿಹೊಂಡ, ತಡೆ ಅಣೆಗಳು ಇದೇ ಉದ್ದೇಶಕ್ಕೆ ನೆರವಾಗುತ್ತವೆ.

ಎಚ್ಚರಿಕೆಗಳು

ಬಾವಿಗೆ ನೇರವಾಗಿ ಬಿಟ್ಟ ನೀರು ಮಣ್ಣಿನ ಸಹಜ ಸೋಸುವಿಕೆಯಿಂದ ವಂಚಿತವಾಗುತ್ತದೆ. ಆದ್ದರಿಂದ ರಸ್ತೆ, ದನದ ಕೊಟ್ಟಿಗೆ, ಶೌಚಗುಂಡಿ ಹಾಗೂ ಕೀಟನಾಶಕ ಸಿಂಪಡಿಸಿದ ಹೊಲಗಳ ನೀರನ್ನು ಬಾವಿಗೆ ಬಿಡಬಾರದು. ಒಮ್ಮೆ ಕಲುಷಿತವಾದ ಅಂತರ್ಜಲವನ್ನು ಶುದ್ಧಗೊಳಿಸುವುದು ಅತ್ಯಂತ ಕಷ್ಟ. ಒಂದು ಮನೆಯ ಅಜಾಗರೂಕತೆ ನೆರೆಹೊರೆಯ ಬಾವಿಗಳನ್ನೂ ಕೆಡಿಸಬಲ್ಲದು. ಮರಳಿನ ಪದರವನ್ನು ಪ್ರತಿ ಮಳೆಗಾಲಕ್ಕೆ ಮುನ್ನ ತೊಳೆಯದಿದ್ದರೆ ಹೂಳು ಕಟ್ಟಿ ವ್ಯವಸ್ಥೆ ನಿಷ್ಕ್ರಿಯವಾಗುತ್ತದೆ. ಕಡಿದಾದ ಗುಡ್ಡದ ಇಳಿಜಾರುಗಳಲ್ಲಿ ಅಧಿಕ ನೀರನ್ನು ಇಂಗಿಸಿದರೆ ಮಣ್ಣು ಸಡಿಲಗೊಂಡು ಕುಸಿಯುವ ಅಪಾಯವಿದೆ. ಬತ್ತಿದ ಕೊಳವೆಬಾವಿಗಳನ್ನು ಮರುಪೂರಣಕ್ಕೆ ಬಳಸುವುದಾದರೂ ಅವುಗಳ ಬಾಯಿಯನ್ನು ಭದ್ರವಾಗಿ ಮುಚ್ಚಿರಬೇಕು. ತೆರೆದಿಟ್ಟ ಕೊಳವೆಬಾವಿಗಳಿಗೆ ಮಕ್ಕಳು ಬೀಳುವ ದುರಂತಗಳನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಮಾರ್ಗಸೂಚಿಗಳನ್ನು ನೀಡಿದೆ.

ಕಾನೂನು ಮತ್ತು ಯೋಜನೆಗಳು

ತಮಿಳುನಾಡು 2003ರಲ್ಲಿ ರಾಜ್ಯದಾದ್ಯಂತ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯು ನಿಗದಿತ ಅಳತೆಗಿಂತ ದೊಡ್ಡದಾದ ನಿವೇಶನಗಳ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. 2011ರಲ್ಲಿ ಕರ್ನಾಟಕವು ಅಂತರ್ಜಲದ ಬಳಕೆಯನ್ನು ನಿಯಂತ್ರಿಸುವ ಪ್ರತ್ಯೇಕ ಅಧಿನಿಯಮವನ್ನು ರೂಪಿಸಿತು. 2019ರಲ್ಲಿ ಆರಂಭವಾದ ಕೇಂದ್ರದ ಅಟಲ್ ಭೂಜಲ ಯೋಜನೆಗೆ ಆಯ್ಕೆಯಾದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪತ್ರಕರ್ತ ಶ್ರೀ ಪಡ್ರೆ, ವಿಜ್ಞಾನಿ ಎ. ಆರ್. ಶಿವಕುಮಾರ್, ಅಯ್ಯಪ್ಪ ಮಸಗಿ ಮೊದಲಾದವರು ಈ ವಿಷಯದಲ್ಲಿ ಜನಜಾಗೃತಿ ಮೂಡಿಸಿದ್ದಾರೆ.

ಇತಿಮಿತಿಗಳು

ಇಂಗಿಸಿದ ನೀರು ಇಂಗಿಸಿದವರ ನಿವೇಶನದ ಗಡಿಯೊಳಗೆ ನಿಲ್ಲುವುದಿಲ್ಲ. ಆದರೆ 1882ರ ಭಾರತೀಯ ಅನುಭೋಗಗಳ ಅಧಿನಿಯಮದ ಪ್ರಕಾರ, ನಿಶ್ಚಿತ ಪಾತ್ರದಲ್ಲಿ ಹರಿಯದ ಭೂಗತ ನೀರನ್ನು ತನ್ನ ನೆಲದ ಎಲ್ಲೆಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು ಪ್ರತಿಯೊಬ್ಬ ಭೂಮಾಲೀಕನಿಗೂ ಇದೆ. ಹೀಗಾಗಿ ಒಬ್ಬ ರೈತ ಇಂಗಿಸಿದ ನೀರನ್ನು ಪಕ್ಕದ ಆಳವಾದ ಕೊಳವೆಬಾವಿ ಎತ್ತಬಹುದು. ಮರುಪೂರಣಕ್ಕಿಂತ ಹೆಚ್ಚಾಗಿ ನೀರನ್ನು ಎತ್ತುತ್ತಿದ್ದರೆ ಜಲಮಟ್ಟದ ಕುಸಿತ ನಿಲ್ಲುವುದಿಲ್ಲ. ಆದುದರಿಂದ ಊರಿನವರೆಲ್ಲರೂ ಕೂಡಿ ನೀರಿಂಗಿಸುವುದು, ಜೊತೆಗೆ ಕಡಿಮೆ ನೀರು ಬೇಡುವ ಬೆಳೆಗಳ ಆಯ್ಕೆ ಮತ್ತು ಮಿತಬಳಕೆಯನ್ನು ಪಾಲಿಸುವುದು ಈ ವಿಧಾನದ ಯಶಸ್ಸಿಗೆ ಅಗತ್ಯ.