ಬೆನ್ನು ಸವರುವ ಪದ

ಸಮಾಧಾನ

ಹಿಂದಿಯಿಂದ ಕನ್ನಡಕ್ಕಿಳಿದ ಜಾಹೀರಾತುಗಳಲ್ಲಿ ‘ಕೂದಲು ಉದುರುವುದಕ್ಕೆ ಸಮಾಧಾನ’ ಎಂಬಂಥ ಮಾತು ಆಗಾಗ ಕೇಳಿಬರುತ್ತದೆ. ಹಿಂದಿಯಲ್ಲಿ ಅದು ಪರಿಹಾರ. ಕನ್ನಡದ ಕಿವಿಗೆ ಮಾತ್ರ, ಹೋದ ಕೂದಲನ್ನು ನೆನೆದು ಅಳುವವರ ಬೆನ್ನು ಸವರಿದಂತೆ!

ಪದ ಸಂಸ್ಕೃತದ್ದು. ‘ಧಾ’ ಎಂದರೆ ಇಡು. ಮುಂದೆ ‘ಸಮ್’, ‘ಆ’ ಸೇರಿ ‘ಒಟ್ಟುಗೂಡಿಸಿ ಇಡುವುದು’. ಚದುರಿದ ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಇದರ ಹಳೆಯ ಅರ್ಥ. ವೇದಾಂತಿಗಳು ಎಣಿಸುವ ಶಮ, ದಮ ಮೊದಲಾದ 6 ಸಂಪತ್ತುಗಳಲ್ಲಿ ಇದೂ ಒಂದು. ‘ಸಮಾಧಿ’ ಇದರ ಒಡಹುಟ್ಟು. ಶಾಸ್ತ್ರಚರ್ಚೆಯಲ್ಲಿ ಆಕ್ಷೇಪಕ್ಕೆ ಕೊಡುವ ಉತ್ತರವೂ ಸಮಾಧಾನವೇ. ತೆಲುಗಿನವರು ಇಂದಿಗೂ ಪ್ರಶ್ನೆಗೆ ‘ಸಮಾಧಾನಂ’ ಕೊಡುತ್ತಾರೆ. ತಮಿಳು, ಮಲಯಾಳಗಳಲ್ಲಿ ಅದು ಶಾಂತಿ, ಮರಾಠಿಯಲ್ಲಿ ತೃಪ್ತಿ.

ಕನ್ನಡ ಅದನ್ನು ಮನೆಯೊಳಕ್ಕೆ ಕರೆದುಕೊಂಡಿತು. ಬಿದ್ದು ಮಂಡಿ ತರಚಿಕೊಂಡ ಮಗುವನ್ನು ಅಜ್ಜಿ ಎತ್ತಿಕೊಂಡು, ತಪ್ಪೆಲ್ಲ ನೆಲದ್ದೇ ಎಂಬಂತೆ ಅದಕ್ಕೆರಡು ಏಟು ಹಾಕಿ ಸಮಾಧಾನ ಮಾಡುತ್ತಾಳೆ. ಅದೇ ಮಗು ದೊಡ್ಡದಾಗಿ, ಬಡ್ತಿ ತಪ್ಪಿದಾಗ ‘ಮುಂದಿನ ವರ್ಷ ನೋಡೋಣ’ ಎಂದು ತಾನೇ ಸಮಾಧಾನ ಮಾಡಿಕೊಳ್ಳುತ್ತದೆ. ಒಂದು ‘ಕೊಳ್ಳು’ ಸೇರಿದ್ದೇ ತಡ, ಅಜ್ಜಿಯ ಕೆಲಸ ತನ್ನದಾಯಿತು. ನಡುವೆ ‘ಸಮಾಧಾನ ಹೇಳು’ ಇದೆ. ಸಾವಿನ ಮನೆಯಲ್ಲಿ ಹೇಳುವವರು ಅನೇಕರು, ಆಗುವುದು ಸುಮ್ಮನೆ ಪಕ್ಕದಲ್ಲಿ ಕೂತವರಿಂದ.

‘ಸಮಾಧಾನವಾಗಿ ಊಟ ಮಾಡು’ ಎಂದರೆ ಅವಸರ ಬೇಡ ಎಂದಷ್ಟೇ. ಸಿಟ್ಟಿಗೆದ್ದವರಿಗೆ ‘ಸ್ವಲ್ಪ ಸಮಾಧಾನ’ ಎಂದರೆ ಸಿಟ್ಟು ಏರುವುದೇ ಹೆಚ್ಚು.

ಇನ್ನು ಶಾಲೆಯ ‘ಸಮಾಧಾನಕರ ಬಹುಮಾನ’. ನಾಲ್ಕನೆಯವನ ಕೈಗೊಂದು ಸ್ಟೀಲ್ ಲೋಟ ಬರುತ್ತದೆ; ಸಮಾಧಾನ ಮಾತ್ರ ಬಹುಪಾಲು ಅಪ್ಪ-ಅಮ್ಮನಿಗೇ.