ನಲವತ್ತೆಂಟು ದಿನಗಳು

1938ನೆಯ ಇಸವಿ ಏಪ್ರಿಲ್ 27ರಂದು ಲಂಡನ್ ನಗರದಲ್ಲಿ 14 ವರ್ಷದ ಒಬ್ಬ ಹುಡುಗಿ ತನ್ನ ಜೊತೆಯವರೊಂದಿಗೆ ರಾಜನ ಅಶ್ವದಳದ ಲಾಯದ ಬಳಿ ಹಾದುಹೋಗುತ್ತಿದ್ದಳು. ಒಳಗೆ ಹಸುರು ಬಾಲದ ಕುದುರೆಯೊಂದಿದೆ, ಬಂದು ನೋಡು ಎಂದು ಸೈನಿಕರು ಅವಳನ್ನು ಕರೆದರು. ಹಸುರು ಬಾಲದ ಕುದುರೆ ಎಂದರೆ ಯಾವ ಮಗುವಿಗೆ ತಾನೆ ಕುತೂಹಲ ಹುಟ್ಟದು? ಒಳಗೆ ಹೋದವಳ ಮೇಲೆ ಬಲಾತ್ಕಾರ ನಡೆಯಿತು. ಅಪರಾಧಿಗಳಿಗೆ ಮುಂದೆ ಶಿಕ್ಷೆಯೂ ಆಯಿತು. ಆದರೆ ಶಿಕ್ಷೆಯಿಂದ ತೀರದ ಒಂದು ಪ್ರಶ್ನೆ ಉಳಿಯಿತು: ಹುಡುಗಿ ಗರ್ಭವತಿಯಾಗಿದ್ದಳು.

ಅದೇ ವರ್ಷ ಜೂನ್ 14ರಂದು ಆ ನಗರದ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ ಬೋರ್ನ್ ಎಂಬ ಹೆಸರಾಂತ ಪ್ರಸೂತಿತಜ್ಞರು ಶಸ್ತ್ರಕ್ರಿಯೆ ನಡೆಸಿ ಅವಳ ಗರ್ಭವನ್ನು ತೆಗೆದರು. ಏಪ್ರಿಲ್ 27ರಿಂದ ಜೂನ್ 14ರವರೆಗೆ ಎಣಿಸಿದರೆ 48 ದಿನಗಳಾಗುತ್ತವೆ. ಈ ವಿಷಯದಲ್ಲಿ ಕಾನೂನು ಮತ್ತು ವೈದ್ಯಶಾಸ್ತ್ರ ನಡೆದುಬಂದ ದಾರಿಯನ್ನು ಆ 48 ದಿನಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ನೋಡಬಹುದು. ಆ ದಿನಗಳಲ್ಲಿ ಅವಳಿಗೆ ಏನು ದೊರೆಯಲಿಲ್ಲ, ಇಂದು ಅಂಥ ಹುಡುಗಿಗೆ ಏನು ದೊರೆಯಬಲ್ಲುದು, ದೊರೆಯಬಲ್ಲುದಾದರೂ ಏಕೆ ಕೈತಪ್ಪುತ್ತದೆ ಎಂಬುದೇ ನಮ್ಮ ಮುಂದಿನ ವಿಚಾರ.

ಮೊದಲು ಕಾನೂನನ್ನು ನೋಡೋಣ. ಇಂಗ್ಲೆಂಡಿನ 1861ರ ಶಾಸನದ ಪ್ರಕಾರ ಗರ್ಭಪಾತ ಮಾಡಿಸುವುದು ಘೋರಾಪರಾಧ; ಆಜೀವ ಸೆರೆವಾಸದವರೆಗೂ ಶಿಕ್ಷೆ ವಿಧಿಸಬಹುದಾಗಿತ್ತು. ಬಲಾತ್ಕಾರದಿಂದಾದ ಗರ್ಭಕ್ಕೆ ಅದರಲ್ಲಿ ಯಾವ ವಿನಾಯಿತಿಯೂ ಇರಲಿಲ್ಲ. ಆದರೆ ಆ ಶಾಸನದಲ್ಲಿ ಒಂದು ಪದವಿತ್ತು. ‘ಕಾನೂನುಬಾಹಿರವಾಗಿ’ ಗರ್ಭಪಾತ ಮಾಡಿಸುವವನು ಅಪರಾಧಿ ಎಂದು ಅದು ಹೇಳುತ್ತಿತ್ತು. ಕಾನೂನುಬಾಹಿರವಾದ ಗರ್ಭಪಾತವೊಂದು ಇದೆಯೆಂದ ಮೇಲೆ ಕಾನೂನುಬದ್ಧವಾದುದೂ ಒಂದು ಇರಬೇಕಲ್ಲವೆ? ಏಳು ದಶಕಗಳಿಗೂ ಮೀರಿ ಈ ಪ್ರಶ್ನೆಗೆ ಯಾವ ನ್ಯಾಯಾಲಯವೂ ಸ್ಪಷ್ಟವಾದ ಉತ್ತರ ಕೊಟ್ಟಿರಲಿಲ್ಲ. ವೈದ್ಯರು ಅಂಜುತ್ತಲೇ ಇದ್ದರು. ಹಣವುಳ್ಳವರು ಗುಟ್ಟಾಗಿ ದಾರಿ ಕಂಡುಕೊಳ್ಳುತ್ತಿದ್ದರು. ಇಲ್ಲದವರು ಕೈಗೆ ಸಿಕ್ಕ ಉಪಾಯಗಳಿಂದ ಪ್ರಾಣಕ್ಕೆ ಎರವಾಗುತ್ತಿದ್ದರು.

ಜೋನ್ ಮ್ಯಾಲಸನ್ ಎಂಬ ವೈದ್ಯೆ ಈ ಹುಡುಗಿಯ ವಿಷಯವನ್ನು ಬೋರ್ನ್ ಅವರಿಗೆ ಪತ್ರ ಬರೆದು ತಿಳಿಸಿದರು. ಗರ್ಭಪಾತದ ಕಾನೂನು ಸುಧಾರಣೆಯಾಗಬೇಕೆಂದು 1936ರಲ್ಲಿ ಸ್ಥಾಪನೆಯಾಗಿದ್ದ ಸಂಘದಲ್ಲಿ ಆಕೆ ಕೆಲಸ ಮಾಡುತ್ತಿದ್ದರು. ಬೋರ್ನ್ ಹಿಂಜರಿಯಲಿಲ್ಲ. ತಂದೆತಾಯಿಗಳ ಒಪ್ಪಿಗೆ ಪಡೆದು, ಸಂಭಾವನೆಯನ್ನು ತೆಗೆದುಕೊಳ್ಳದೆ, ಮುಚ್ಚುಮರೆಯಿಲ್ಲದೆ ಶಸ್ತ್ರಕ್ರಿಯೆ ನಡೆಸಿದರು. ಪೋಲೀಸರು ಬಂದಾಗ ನನ್ನನ್ನು ದಸ್ತಗಿರಿ ಮಾಡಿ ಎಂದು ತಾವೇ ಹೇಳಿದರು. ಕಾನೂನು ಏನು ಹೇಳುತ್ತದೆಂಬುದು ನ್ಯಾಯಾಲಯದಲ್ಲಿಯೇ ತೀರ್ಮಾನವಾಗಲಿ ಎಂಬುದು ಅವರ ಇಚ್ಛೆಯಾಗಿತ್ತು.

ಜುಲೈ 18 ಮತ್ತು 19ರಂದು ವಿಚಾರಣೆ ನಡೆಯಿತು. ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಅವರೇ ವಾದಿಸಿದರು. ನ್ಯಾಯಮೂರ್ತಿ ಮ್ಯಾಕ್‌ನಾಟನ್ ಅವರು ಜ್ಯೂರಿಯ ಪಂಚರಿಗೆ ಕಾನೂನನ್ನು ವಿವರಿಸುವಾಗ ಆ ಒಂದು ಪದವನ್ನು ಹಿಡಿದು ಬಿಡಿಸಿದರು. ಹುಟ್ಟುವ ಮುನ್ನ ಶಿಶುವನ್ನು ಕೊಲ್ಲುವುದನ್ನು ಕುರಿತ 1929ರ ಶಾಸನದಲ್ಲಿ ತಾಯಿಯ ಜೀವವನ್ನು ಉಳಿಸುವುದಕ್ಕಾಗಿ ಮಾಡಿದ ಕಾರ್ಯಕ್ಕೆ ವಿನಾಯಿತಿ ಇದೆ; ಅದೇ ಅರ್ಥವನ್ನು 1861ರ ಶಾಸನದಲ್ಲಿಯೂ ಕಾಣಬೇಕು ಎಂದರು. ಜೀವ ಉಳಿಸುವುದೆಂದರೆ ಕೇವಲ ಸಾವಿನ ದವಡೆಯಿಂದ ಎಳೆದು ತರುವುದಷ್ಟೇ ಅಲ್ಲ. ಗರ್ಭ ಮುಂದುವರಿದರೆ ಅವಳ ದೇಹವೋ ಮನಸ್ಸೋ ನುಚ್ಚುನೂರಾದೀತೆಂದು ವೈದ್ಯನು ತಕ್ಕ ತಿಳಿವಳಿಕೆಯಿಂದ, ಪ್ರಾಮಾಣಿಕವಾಗಿ ನಂಬಿದ್ದರೆ ಅದೂ ಜೀವವನ್ನು ಉಳಿಸಿದಂತೆಯೇ ಎಂದು ಪಂಚರು ಭಾವಿಸಬಹುದು ಎಂದರು. ಪಂಚರು ಸುಮಾರು 40 ನಿಮಿಷ ಸಮಾಲೋಚಿಸಿ ಬಂದು, ವೈದ್ಯರು ನಿರ್ದೋಷಿ ಎಂದು ಸಾರಿದರು.

ಈ ತೀರ್ಪಿನ ಹಿರಿಮೆಯನ್ನು ಹೇಳುವವರು ಅದರೊಳಗಿನ ಒಂದು ಸಂಗತಿಯನ್ನು ಬಿಟ್ಟುಬಿಡುವುದುಂಟು. ಬೋರ್ನ್ ಅವರು ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡೊಡನೆ ಶಸ್ತ್ರಕ್ರಿಯೆ ಮಾಡಲಿಲ್ಲ. ಒಂದು ವಾರ ಅವಳನ್ನು ಹಾಸಿಗೆಯಲ್ಲಿಟ್ಟು ಅವಳ ಸ್ವಭಾವವನ್ನು ಪರೀಕ್ಷಿಸಿದರು. ಅವಳು ನಡತೆಗೆಟ್ಟ ಮನಸ್ಸಿನವಳಾಗಿದ್ದರೆ ಅಥವಾ ಬುದ್ಧಿಮಾಂದ್ಯಳಾಗಿದ್ದರೆ ತಾವು ಶಸ್ತ್ರಕ್ರಿಯೆಗೆ ಒಪ್ಪುತ್ತಿರಲಿಲ್ಲವೆಂಬುದು ಅವರ ನಿಲುವು. ಪರೀಕ್ಷೆಯೊಂದರ ಸಮಯದಲ್ಲಿ ಅದುವರೆಗೆ ಸಮಾಧಾನದಿಂದಿದ್ದಂತೆ ತೋರುತ್ತಿದ್ದ ಹುಡುಗಿ ಧೈರ್ಯಗುಂದಿ ಬಿಕ್ಕಿಬಿಕ್ಕಿ ಅತ್ತಳು. ಆ ಕಣ್ಣೀರನ್ನು ಕಂಡು ವೈದ್ಯರು ನಿಶ್ಚಯಿಸಿದರು. ಅವಳು ಅಳದಿದ್ದರೆ? ಅಳುವ ಸ್ವಭಾವದವಳೇ ಅಲ್ಲದಿದ್ದರೆ? ದುಃಖವನ್ನು ಒಳಗೇ ನುಂಗಿಕೊಳ್ಳುವವರು ಲೋಕದಲ್ಲಿ ಕಡಮೆಯೇನಲ್ಲ. ವೈದ್ಯರು ಧೀರರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ವಿನಾಯಿತಿ ಹುಡುಗಿಯ ಹಕ್ಕಾಗಿರಲಿಲ್ಲ. ಅವಳು ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ ಪಡೆದ ಕರುಣೆಯಾಗಿತ್ತು. ಮುಂದೆ ಬೋರ್ನ್ ಅವರೇ, ಗರ್ಭಪಾತವನ್ನು ಸಡಿಲಗೊಳಿಸಿದ 1967ರ ಶಾಸನವನ್ನು ವಿರೋಧಿಸಲು ಹುಟ್ಟಿದ ಸಂಘದ ಸ್ಥಾಪಕರಲ್ಲಿ ಒಬ್ಬರಾದರು. ಆ ಶಾಸನ ಜಾರಿಗೆ ಬಂದದ್ದು 1968ರ ಏಪ್ರಿಲ್ 27ರಂದು. ಲಾಯದ ಆ ಘಟನೆಗೆ ಸರಿಯಾಗಿ 30 ವರ್ಷ ತುಂಬಿದ ದಿನ.

ಈಗ ನಮ್ಮ ದೇಶದ ಕಡೆಗೆ ಬರೋಣ. ಇಂಗ್ಲಿಷರು ನಮಗೆ ಕೊಟ್ಟ 1860ರ ದಂಡಸಂಹಿತೆಯೂ ಅದೇ ಕಾಲದ ಕೂಸು. ಸ್ತ್ರೀಯ ಪ್ರಾಣವನ್ನು ಉಳಿಸಲು ಸದ್ಭಾವದಿಂದ ಮಾಡಿದ್ದನ್ನು ಬಿಟ್ಟು ಬೇರೆಲ್ಲ ಗರ್ಭಪಾತವೂ ಅದರ 312ನೆಯ ಕಲಮಿನಲ್ಲಿ ಅಪರಾಧ. ಗರ್ಭ ತೆಗೆಸಿಕೊಂಡ ಹೆಂಗಸೂ ಅಪರಾಧಿ. 1930ರಲ್ಲಿಯೇ ಮೈಸೂರು ಸರ್ಕಾರ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿ ಲೋಕದಲ್ಲಿ ಮುಂದಿತ್ತೆಂಬುದು ಕನ್ನಡಿಗರು ಹೆಮ್ಮೆಪಡುವ ಮಾತು. ಆದರೆ ಗರ್ಭ ನಿಲ್ಲುವ ಮುನ್ನ ತಡೆಯುವ ಮಾತು ಬೇರೆ, ನಿಂತ ಮೇಲಿನ ಮಾತು ಬೇರೆ ಎಂದೇ ಅಂದಿನ ಕಾನೂನು ಎಣಿಸಿತ್ತು.

1964ರಲ್ಲಿ ಭಾರತ ಸರ್ಕಾರ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1966ರಲ್ಲಿ ಅದು ವರದಿ ಒಪ್ಪಿಸಿತು. ಅದರ ಫಲವಾಗಿ 1971ರಲ್ಲಿ ವೈದ್ಯಕೀಯ ಗರ್ಭಪಾತದ ಶಾಸನವಾಯಿತು; 1972ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಗರ್ಭದಿಂದ ಸ್ತ್ರೀಯ ಪ್ರಾಣಕ್ಕೆ ಅಪಾಯವಿದ್ದರೆ ಅಥವಾ ಅವಳ ದೈಹಿಕ ಇಲ್ಲವೆ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿಯಾಗುವಂತಿದ್ದರೆ, 20 ವಾರಗಳೊಳಗೆ ಅದನ್ನು ತೆಗೆಯಬಹುದೆಂದು ಅದು ವಿಧಿಸಿತು. ಅದಕ್ಕೊಂದು ವಿವರಣೆಯನ್ನೂ ಸೇರಿಸಿತು: ಗರ್ಭ ಬಲಾತ್ಕಾರದಿಂದ ಆಯಿತೆಂದು ಸ್ತ್ರೀ ಹೇಳಿದಲ್ಲಿ, ಅದರಿಂದಾಗುವ ವೇದನೆಯೇ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಎಂದು ಭಾವಿಸತಕ್ಕದ್ದು.

ಈ ಒಂದು ವಾಕ್ಯದ ಮಹತ್ವವನ್ನು ಲಂಡನ್ನಿನ ಆ ಕಣ್ಣೀರಿನ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ವೇದನೆಯನ್ನು ಸಿದ್ಧಪಡಿಸಿ ತೋರಿಸಬೇಕಾಗಿತ್ತು. ಇಲ್ಲಿ ಶಾಸನವೇ ವೇದನೆಯನ್ನು ಒಪ್ಪಿಕೊಂಡಿತು. ಅಪರಾಧಿಗೆ ಶಿಕ್ಷೆಯಾಗಿರಬೇಕೆಂದು ಅದು ಕೇಳಲಿಲ್ಲ. ಅವಳು ಹೇಳಿದರೆ ಸಾಕು ಎಂದಿತು. ಕಾಗದದ ಮೇಲೆ ಇದು ದೊಡ್ಡ ಮಾತು. ಆದರೆ ಕಾಗದದ ಮೇಲಿನ ಮಾತು ದೇಹವನ್ನು ತಲಪಬೇಕಾದರೆ ಇನ್ನೊಂದು ಸಂಗತಿ ಬೇಕು. ಅದೇ ಕಾಲ. ಗರ್ಭವಿದೆಯೆಂದು ತಿಳಿಯದವಳಿಗೆ ವಿನಾಯಿತಿ ಇದ್ದರೇನು, ಇಲ್ಲದಿದ್ದರೇನು?

ಹಾಗಾದರೆ ಗರ್ಭವಿದೆಯೆಂದು ಮನುಷ್ಯನಿಗೆ ತಿಳಿಯುವ ಬಗೆಯಾದರೂ ಎಂತು? ಬಹುಕಾಲ ಮುಟ್ಟು ನಿಂತದ್ದು, ವಾಕರಿಕೆ, ಸೂಲಗಿತ್ತಿಯ ಅನುಭವ, ಇವೇ ಆಧಾರ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವಿಜ್ಞಾನಿಗಳು ಗರ್ಭಿಣಿಯ ಮೂತ್ರದಲ್ಲಿರುವ ಒಂದು ಚೋದಕದ್ರವ್ಯವನ್ನು ಇಲಿಮರಿಗಳ ಮೂಲಕ ಗುರುತಿಸುವ ಪರೀಕ್ಷೆಯನ್ನು ಕಂಡುಹಿಡಿದರು. ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಕೆಲವು ದಿನಗಳ ಮೇಲೆ ಅವನ್ನು ಕೊಯ್ದು ಅಂಡಾಶಯವನ್ನು ನೋಡಬೇಕಾಗಿತ್ತು. ಇಬ್ಬರೂ ಯೆಹೂದ್ಯರಾದುದರಿಂದ ಹಿಟ್ಲರನ ಆಳ್ವಿಕೆಯಲ್ಲಿ ದೇಶ ಬಿಟ್ಟುಹೋಗಬೇಕಾಯಿತು. ಆದರೆ ಅವರ ಪರೀಕ್ಷೆ ಲೋಕದಲ್ಲೆಲ್ಲ ಹರಡಿತು. ಇಲಿಯ ಸ್ಥಾನಕ್ಕೆ ಮೊಲ ಬಂದಿತು. ಆ ಮೇಲೆ ದಕ್ಷಿಣ ಆಫ್ರಿಕಾದ ಒಂದು ಜಾತಿಯ ಕಪ್ಪೆ ಬಂದಿತು. ಕಪ್ಪೆಯನ್ನು ಕೊಲ್ಲಬೇಕಾಗಿರಲಿಲ್ಲ, ಚುಚ್ಚಿದ ಮೇಲೆ ಅದು ಮೊಟ್ಟೆಯಿಟ್ಟರೆ ಗರ್ಭ ನಿಂತಿದೆ ಎಂದು ಅರ್ಥ. 1938ರಲ್ಲಿ ಗರ್ಭವನ್ನು ಬೇಗ ಗುರುತಿಸಬೇಕಾದರೆ ಪ್ರಾಣಿ ಬೇಕು, ಪ್ರಯೋಗಶಾಲೆ ಬೇಕು, ವೈದ್ಯರ ಚೀಟಿ ಬೇಕು.

1960ರಲ್ಲಿ ಸ್ವೀಡನ್ನಿನ ವೀಡೆ ಮತ್ತು ಗೆಮ್ಜೆಲ್ ಪ್ರಾಣಿಯ ನೆರವಿಲ್ಲದ ಪರೀಕ್ಷೆಯನ್ನು ರೂಪಿಸಿದರು. 1972ರಲ್ಲಿ ಅಮೆರಿಕದ ಜೂಡಿತ್ ವೈಟುಕೈಟಿಸ್ ಮತ್ತು ಅವರ ಸಂಗಡಿಗರು ಆ ಚೋದಕದ್ರವ್ಯವನ್ನು ಅದರಂತೆಯೇ ಇರುವ ಬೇರೆ ದ್ರವ್ಯದಿಂದ ಬೇರ್ಪಡಿಸಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. 1970ರ ದಶಕ ಮುಗಿಯುವುದರೊಳಗಾಗಿ ಹೆಂಗಸು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಸಾಧನ ಪಶ್ಚಿಮದ ಅಂಗಡಿಗಳಲ್ಲಿತ್ತು. ಇಂದು ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿಯೂ ಆ ಪಟ್ಟಿ ಇದೆ. ಮುಟ್ಟು ತಪ್ಪಿದ ದಿನಗಳಲ್ಲಿಯೇ, ಕೆಲವು ನಿಮಿಷಗಳೊಳಗೆ, ಅದರ ಗೆರೆಗಳು ವಿಷಯವನ್ನು ತಿಳಿಸಿಬಿಡುತ್ತವೆ.

ಇದಕ್ಕೂ ಹಿಂದಿನ ಹೆಜ್ಜೆಯೊಂದುಂಟು: ಗರ್ಭ ನಿಲ್ಲದಂತೆಯೇ ತಡೆಯುವುದು. 1960ರ ದಶಕದ ನಡುವಿನಲ್ಲಿ ನೆದರ್ಲೆಂಡ್ಸ್ ದೇಶದ ಹಾಸ್ಪೆಲ್ಸ್ ಎಂಬ ವೈದ್ಯರು ಬಲಾತ್ಕಾರಕ್ಕೊಳಗಾದ 13 ವರ್ಷದ ಬಾಲಕಿಗೆ ಈಸ್ಟ್ರೋಜನ್ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ತುರ್ತು ಗರ್ಭನಿರೋಧದ ಚರಿತ್ರೆ ಇಲ್ಲಿಂದ ಮೊದಲಾಗುತ್ತದೆ. ಅದರ ಆದಿಯಲ್ಲಿಯೂ ಇರುವುದು ನೊಂದ ಮಗುವೇ. 1974ರಲ್ಲಿ ಕೆನಡಾದ ಯೂಜ್‌ಪೆ ಎರಡು ಚೋದಕಗಳನ್ನು ಕೂಡಿಸಿದ ಕ್ರಮವನ್ನು ಪ್ರಕಟಿಸಿದರು. ಲೆವೊನಾರ್ಜೆಸ್ಟ್ರೆಲ್ ಎಂಬ ಒಂದೇ ಔಷಧ ಅದಕ್ಕಿಂತ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 1998ರಲ್ಲಿ ತೋರಿಸಿತು. ನಮ್ಮಲ್ಲಿ 2005ರಿಂದ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾಗಿದೆ. 72 ಗಂಟೆಗಳೊಳಗೆ ನುಂಗಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಫಲ. ಇದು ಗರ್ಭಪಾತದ ಗುಳಿಗೆಯಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮುಖ್ಯವಾಗಿ ಅದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ. ನಿಂತ ಗರ್ಭವನ್ನು ಅದು ಅಲುಗಿಸದು. ಲೈಂಗಿಕ ಹಿಂಸೆಗೆ ಒಳಗಾದವರ ಆರೈಕೆಯಲ್ಲಿ ಇದೂ ಸೇರಿರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುತ್ತದೆ. ಯಾವ ಆಸ್ಪತ್ರೆಯೂ ಅಂಥವರಿಗೆ ಉಚಿತ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲವೆಂದು 2013ರಲ್ಲಿಯೇ ಕಾನೂನಾಯಿತು.

ಹೀಗೆ ಮೊದಲನೆಯ ಮೂರು ದಿನಗಳಿಗೆ ಗುಳಿಗೆಯಿದೆ, ಮುಂದಿನ ವಾರಗಳಿಗೆ ಪಟ್ಟಿಯಿದೆ, ಅದಕ್ಕೂ ಮುಂದೆ ಕಾನೂನಿನ ವಿನಾಯಿತಿಯಿದೆ. 1938ರ ಹುಡುಗಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಹಾಗಾದರೆ ಇಂದಿನ ಹುಡುಗಿ ಸುರಕ್ಷಿತಳೆ?

2017ರಲ್ಲಿ ಚಂಡೀಗಢದ 10 ವರ್ಷದ ಬಾಲಕಿಯೊಬ್ಬಳನ್ನು ಹೊಟ್ಟೆನೋವೆಂದು ಆಸ್ಪತ್ರೆಗೆ ಕರೆದೊಯ್ದಾಗಲೇ ಅವಳು ಗರ್ಭವತಿಯೆಂದು ಮನೆಯವರಿಗೆ ಗೊತ್ತಾದದ್ದು. ಅದಾಗಲೇ ಕಾನೂನಿನ ಗಡಿ ದಾಟಿತ್ತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟುವ ಹೊತ್ತಿಗೆ ಗರ್ಭಕ್ಕೆ ಸುಮಾರು 32 ವಾರ. ಈಗ ಗರ್ಭ ತೆಗೆಯುವುದು ಕ್ಷೇಮವಲ್ಲವೆಂದು ವೈದ್ಯರ ಮಂಡಲಿ ಹೇಳಿತು. ಜುಲೈ 28ರಂದು ನ್ಯಾಯಾಲಯ ಅನುಮತಿ ನಿರಾಕರಿಸಿತು. ಆಗಸ್ಟಿನಲ್ಲಿ ಆ ಮಗು ಮಗುವನ್ನು ಹೆತ್ತಳು. ಕಾನೂನಿನ ವಿನಾಯಿತಿ ಅವಳಿಗಾಗಿಯೇ 46 ವರ್ಷಗಳ ಹಿಂದೆ ಬರೆದಿಟ್ಟಿತ್ತು. ಅದನ್ನು ಅವಳ ಬಳಿಗೆ ತರುವವರು ಯಾರೂ ಇರಲಿಲ್ಲ. ಹಿಂಸೆಗೊಳಗಾದ ಮಗುವಿಗೆ ಮುಟ್ಟೆಂದರೇನೆಂದೇ ತಿಳಿಯದು. ತಿಳಿದವಳಿಗೆ ಹೇಳಲು ಭಯ. ಕೇಳಿದವರಿಗೆ ಮಾನದ ಅಂಜಿಕೆ. ಇವೆಲ್ಲದರ ನಡುವೆ ವಾರಗಳು ಜಾರಿಹೋಗುತ್ತವೆ. ವೈದ್ಯರು ಗರ್ಭದ ವಾರಗಳನ್ನು ಎಣಿಸುವುದು ಹಿಂದಿನ ಮುಟ್ಟಿನ ಮೊದಲನೆಯ ದಿನದಿಂದ. ಆದುದರಿಂದ ಲೆಕ್ಕ ಪ್ರಾರಂಭವಾಗುವಾಗಲೇ ಸುಮಾರು ಎರಡು ವಾರ ಕಳೆದಿರುತ್ತದೆ.

2021ರ ತಿದ್ದುಪಡಿಯಿಂದ ಬಲಾತ್ಕಾರಕ್ಕೊಳಗಾದವರಿಗೂ ಅಪ್ರಾಪ್ತ ವಯಸ್ಕರಿಗೂ ಗಡಿ 24 ವಾರಗಳಿಗೆ ಏರಿದೆ. 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು, ಈ ಶಾಸನದ ಮಟ್ಟಿಗೆ ಗಂಡನು ಬಲವಂತವಾಗಿ ಮಾಡಿದ್ದೂ ಬಲಾತ್ಕಾರವೇ ಎಂದಿತು. ಅಪ್ರಾಪ್ತ ಬಾಲಕಿ ಕೇಳಿಕೊಂಡಲ್ಲಿ ವೈದ್ಯರು ಪೋಲೀಸರಿಗೆ ಅವಳ ಹೆಸರನ್ನು ತಿಳಿಸಬೇಕಾಗಿಲ್ಲವೆಂದೂ ಹೇಳಿತು. ಹೆಸರು ಹೊರಬಿದ್ದೀತೆಂಬ ಭಯವೂ ತಡಕ್ಕೆ ಒಂದು ಕಾರಣವೆಂಬುದನ್ನು ನ್ಯಾಯಾಲಯ ಅರಿತಿತ್ತು. 2009ರಲ್ಲಿ ಇದೇ ನ್ಯಾಯಾಲಯ, ಸರ್ಕಾರಿ ಆಶ್ರಯಧಾಮದಲ್ಲಿ ಬಲಾತ್ಕಾರಕ್ಕೊಳಗಾದ ಮಂದಬುದ್ಧಿಯ ಸ್ತ್ರೀಯೊಬ್ಬಳು ಮಗುವನ್ನು ಹೆರುವೆನೆಂದಾಗ ಅವಳ ಇಚ್ಛೆಯನ್ನೇ ಎತ್ತಿಹಿಡಿದಿತ್ತು. ವಿನಾಯಿತಿ ಎಂಬುದು ಅವಳ ಕೈಗೆ ಕೊಟ್ಟ ಹಕ್ಕೇ ಹೊರತು ಅವಳ ಮೇಲೆ ಹೇರುವ ಇನ್ನೊಂದು ಬಲವಂತವಲ್ಲ.

1938ರ ಆ ಹುಡುಗಿಯ ಹೆಸರನ್ನು ಇತಿಹಾಸ ಬರೆದಿಡದೆ ಹೋದದ್ದು ಒಳ್ಳೆಯದೇ ಆಯಿತು. ಗ್ರಂಥಗಳಲ್ಲಿ ಆ ಮೊಕದ್ದಮೆ ವೈದ್ಯರ ಹೆಸರಿನಿಂದ ಉಳಿದಿದೆ. ಆದರೆ ಕಾದವಳು ಅವಳು. 48 ದಿನಗಳು ಕಳೆದದ್ದು ಅವಳ ದೇಹದಲ್ಲಿ. ಆ 48 ದಿನಗಳನ್ನು ಮೂರು ದಿನಕ್ಕೆ ಇಳಿಸುವ ಗುಳಿಗೆಯನ್ನು ವಿಜ್ಞಾನ ಕೊಟ್ಟಿದೆ. ಅವಳ ಮಾತನ್ನು ನಂಬುವ ವಾಕ್ಯವನ್ನು ಕಾನೂನು ಬರೆದಿದೆ. ಉಳಿದಿರುವುದು ನಮ್ಮ ಪಾಲಿನ ಕೆಲಸ. ಅವಳು ಬಂದು ಹೇಳಿದ ದಿನವೇ, ಅವಳ ಕಣ್ಣೀರಿಗಾಗಿ ಕಾಯದೆ, ಕೇಳಿಸಿಕೊಳ್ಳುವುದು.